ಹನ್ನೆರಡು ವರ್ಷಕ್ಕೆ ಮುಂಚೆ

ಮನಃಶಾಸ್ತ್ರಜ್ಞೆ ಲೀನಾ ಶ್ರಾವಣಿಯನ್ನು ಮೊದಲೇ ಎಚ್ಚರಿಸಿದ್ದಳು: "ನಿಮ್ಮ ಅಮ್ಮ ಮಾತಾಡುವಾಗ ನೀವು ಬಾಯಿ ಬಿಡಬಾರದು. ಸುಳಿವು ಕೊಟ್ಟರೆ ಆ ಉತ್ತರ ಉಪಯೋಗಕ್ಕೆ ಬರುವುದಿಲ್ಲ."

ಸ್ವೀಡನ್ನಿನ ನಾರ್‌ಶೋಪಿಂಗ್‌ನ ಕ್ಲಿನಿಕ್‌ನಲ್ಲಿ ಅದು ಶ್ರಾವಣಿಯ ಎಡಿಎಚ್‌ಡಿ ತಪಾಸಣೆಯ ಮೂರನೆಯ ಭೇಟಿ. ಪ್ರಶ್ನಾವಳಿ, ಬಣ್ಣದ ಘನಗಳನ್ನು ಜೋಡಿಸುವ ಪರೀಕ್ಷೆ ಮುಗಿದಿದ್ದವು. ಉಳಿದದ್ದು ಬಾಲ್ಯದ ವಿಚಾರಣೆ. ಗಮನ ನಿಲ್ಲದ ತೊಂದರೆ ಹನ್ನೆರಡು ವರ್ಷ ತುಂಬುವ ಮುಂಚೆಯೇ ಇತ್ತೆಂದು ಗೊತ್ತಾಗದಿದ್ದರೆ ಎಡಿಎಚ್‌ಡಿ ಎಂದು ಹೇಳಲಾಗದು, ಔಷಧಿಯೂ ಇಲ್ಲ. ಶ್ರಾವಣಿಯ ಪ್ರಬಂಧಕ್ಕೆ ಪಿಎಚ್‌ಡಿ ಮಾರ್ಗದರ್ಶಕರು ಕೊಟ್ಟ ಕೊನೆಯ ಗಡುವಿಗೆ ಐದು ವಾರ ಉಳಿದಿತ್ತು.

ದಾವಣಗೆರೆಯಿಂದ ಅಮ್ಮ ಶೋಭನಾ ಫೋನಿನಲ್ಲಿದ್ದರು. ಇನ್ನೊಂದು ಲೈನಿನಲ್ಲಿ ಕನ್ನಡ ಬಲ್ಲ ದುಭಾಷಿ.

"ಶ್ರಾವಣಿ ಚಿಕ್ಕವರಿದ್ದಾಗ ವಸ್ತುಗಳನ್ನ ಕಳ್ಕೊಳ್ತಿದ್ರಾ?" ಲೀನಾಳ ಪ್ರಶ್ನೆಯನ್ನು ದುಭಾಷಿ ಕನ್ನಡದಲ್ಲಿ ಕೇಳಿದ.

"ಅಯ್ಯೋ, ಎಲ್ಲಿ! ನಮ್ಮ ಹುಡುಗಿ ಬಂಗಾರ. ಒಂದು ಪೆನ್ಸಿಲ್ಲೂ ಕಳೆದಿಲ್ಲ."

"ಒಂದು ಕಡೆ ಕೂರ್ತಿದ್ರಾ?"

"ಕೂರಿಸಿದ ಕಡೆ ಗೊಂಬೆ ಹಾಗೆ. ಅಡುಗೆ, ಹಾಡು, ಎಲ್ಲಾ ಬರುತ್ತೆ. ಬರ್ಕೊಳಿ."

ಲೀನಾಳ ಪೆನ್ನು 'ಇಲ್ಲ' ಎಂಬ ಕಾಲಮ್ಮಿನಲ್ಲೇ ಇಳಿಯುತ್ತ ಹೋಯಿತು. ಮುಂದಿನ ತಿಂಗಳು ಮದುವೆ ಮಾತಿಗೆ ಗಂಡಿನ ಕಡೆಯವರು ದಾವಣಗೆರೆಯ ಮನೆಗೆ ಬರುವವರಿದ್ದರು. ಹೊರಗಿನವರು ಮಗಳ ಗುಣ ವಿಚಾರಿಸಿದರೆ ಅಮ್ಮನಿಗೆ ಗೊತ್ತಿದ್ದದ್ದು ಇದೊಂದೇ ಉತ್ತರ. ಹಾಗಾದರೆ ತನಗೆ ಏನೂ ಆಗಿಲ್ಲ, ತಾನು ಬರೀ ಸೋಮಾರಿಯೇ, ಎಂದುಕೊಂಡಳು ಶ್ರಾವಣಿ. ಅವಳು ತುಟಿ ಕಚ್ಚಿ ಹಿಡಿದಳು.

"ಅಪಘಾತ ಏನಾದ್ರೂ ಆಗಿತ್ತಾ?"

ಅಮ್ಮ ದನಿ ತಗ್ಗಿಸಿದರು.

"ಮೇಡಂ, ಇದನ್ನ ಬೇರೆ ಯಾರ್ಗೂ ಹೇಳಲ್ಲ ತಾನೆ? ಗಂಡಿನ ಕಡೆಯೋರಿಗೆ?"

ಹೇಳಲು ಕಾನೂನೇ ಬಿಡುವುದಿಲ್ಲ ಎಂದಳು ಲೀನಾ. ದುಭಾಷಿ ಅದನ್ನು ಎರಡು ಸಲ ಹೇಳಬೇಕಾಯಿತು.

"ಆರು ವರ್ಷ ಇವಳಿಗೆ. ರೈಲ್ವೆ ಹಳಿ ಮೇಲೆ ಕೂತು ಜಲ್ಲಿಕಲ್ಲು ಜೋಡಿಸ್ತಿದ್ಲು. ರೈಲು ಕೂಗ್ತಾ ಇದೆ, ಇವಳಿಗೆ ಕೇಳಿಸ್ಲೇ ಇಲ್ಲ. ಹಳಿ ನೋಡ್ಕೊಳ್ಳೋ ಗ್ಯಾಂಗ್‌ಮನ್ ರಟ್ಟೆ ಹಿಡಿದು ಎಳೆದ. ತಿಂಗಳಾಗಿಲ್ಲ, ಮತ್ತೆ ಅಲ್ಲೇ. ಆಮೇಲೆ ಎರಡು ವರ್ಷ, ನಾನು ಕೆಲಸ ಮಾಡೋವಾಗ ಇವಳ ಸೊಂಟಕ್ಕೆ ಹಳೇ ಸೀರೆ ಕಟ್ಟಿ, ಕಿಟಕಿ ಸರಳಿಗೆ ಬಿಗೀತಿದ್ದೆ."

ಶ್ರಾವಣಿಗೆ ಇದೊಂದೂ ನೆನಪಿರಲಿಲ್ಲ. ಲೀನಾ ವಯಸ್ಸನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡಳು. ತಪಾಸಣೆಗೆ ಬೇಕಿದ್ದದ್ದು ಸಿಕ್ಕಿತ್ತು.

"ನಾನೊಂದು ಕೇಳ್ಲಾ ಮೇಡಂ? ಅಲ್ಲಿ ರಸ್ತೆ ದಾಟೋವಾಗ ಅವಳ ಜೊತೆ ಯಾರಾದ್ರೂ ಇರ್ತಾರಾ?"

ಲೀನಾ ಶ್ರಾವಣಿಯತ್ತ ತಿರುಗಿದಳು. "ಈಗ ನೀವು ಮಾತಾಡಬಹುದು."

ಪ್ರಶ್ನಾವಳಿಯಲ್ಲಿ ಶ್ರಾವಣಿಯೂ ಅಮ್ಮನಂತೆ ಒಂದು ಸಂಗತಿ ಮುಚ್ಚಿಟ್ಟಿದ್ದಳು.

"ಇಲ್ಲಮ್ಮ," ಎಂದಳು. "ಮಂಗಳವಾರ ರಸ್ತೆ ದಾಟೋವಾಗ ಟ್ರಾಮ್ ಬಂದಿದ್ದು ನಂಗೆ ಕೇಳಿಸ್ಲಿಲ್ಲ. ಡ್ರೈವರೇ ಬ್ರೇಕ್ ಹಾಕ್ದ."