ಮುಳ್ಳು ಕೀಳುವ ಕೈ

"ಯಾರ ಕೈ ಇದು?"

ಖಾಲಿ ಚಿತ್ರಶಾಲೆಯಲ್ಲಿ ಅತ್ತಿಗೆ ಕೇಳಿದ್ದು ಗೋಡೆಯನ್ನೂ ಅಲ್ಲ, ಕ್ಯಾನ್ವಾಸನ್ನೂ ಅಲ್ಲ, ತನ್ನನ್ನೇ. ನಾದಿನಿಯ ಜೊತೆ ಕಲಿಯಲು ಸೇರಿದವಳಾದ್ದರಿಂದ ಅವಳು ತರಗತಿಗೆಲ್ಲ ಅತ್ತಿಗೆ. ಅರವತ್ತು ದಾಟಿದ ಮೇಷ್ಟ್ರಿಗೂ ಅತ್ತಿಗೆಯೇ.

ಐದು ತಿಂಗಳಿಂದ ಅವಳು ತರಗತಿಯ ಎಲ್ಲರಂತೆ ಹಳೆಯ ಕಾಲದ ತೈಲಚಿತ್ರವೊಂದನ್ನು ನೋಡಿ ಬರೆಯುತ್ತಿದ್ದಳು: ಕಲ್ಲಿನ ಮೇಲೆ ಕೂತ ಮುದುಕ, ಅವನ ಅಂಗಾಲಿನ ಮುಳ್ಳು ಕೀಳುವ ಹೆಣ್ಣು. ಮೊದಲು ಹಸಿರು ಬೆರೆತ ಬೂದುಬಣ್ಣದಲ್ಲಿ ಮೈ ಮೂಡಿಸಬೇಕು, ಒಣಗಲು ಬಿಡಬೇಕು, ಆಮೇಲೆ ತೆಳುವಾಗಿ ಚರ್ಮದ ಬಣ್ಣ ಹಾಯಿಸಬೇಕು. ಆಗಲೇ ಒಳಗೆ ರಕ್ತ ಓಡಿದಂತೆ ಕಾಣುವುದು. ಮುಖ ಬಂತು, ಭುಜ ಬಂತು. ಮುಳ್ಳು ಹಿಡಿದ ಕೈ ಮಾತ್ರ ಬರಲಿಲ್ಲ. ಕೆರೆದಳು, ಬರೆದಳು. ಕನ್ನಡಿಯ ಮುಂದೆ ಸೂಜಿ ಹಿಡಿದು ತನ್ನ ಬೆರಳುಗಳನ್ನೇ ನೋಡಿಕೊಂಡಳು. ಎಂಟನೆಯ ಸಲ, ಮೊನ್ನೆ, ಬಂದಿತ್ತು. ಯಾರಿಗೂ ಹೇಳದೆ ಅದಕ್ಕೊಮ್ಮೆ ಕೈಮುಗಿದು ಮನೆಗೆ ಹೋಗಿದ್ದಳು.

ಈಗ ಅಲ್ಲಿ ಬೆಣ್ಣೆಯಲ್ಲಿ ಮಾಡಿದಂಥ ನುಣುಪು ಕೈಯೊಂದು ಹಸಿಹಸಿಯಾಗಿ ಹೊಳೆಯುತ್ತಿತ್ತು. ನೆಲದ ಮೇಲೆ ಕೆರೆದ ಬಣ್ಣದ ಸಿಪ್ಪೆ.

ನಾದಿನಿ ಒಳಗೆ ಬಂದಳು. "ಬೆಳಿಗ್ಗೆ ಮೇಷ್ಟ್ರು 'ಚೂರು ತಿದ್ದುತೀನಿ' ಅಂದ್ರು ಅತ್ತಿಗೆ. ನಾನು ಬೇಡ ಅಂದೆ. 'ನಿನ್ನ ಚಿತ್ರದ ಮುದುಕನಿಗೆ ಇನ್ನೂ ಕಿವೀನೇ ಇಲ್ಲ, ಅದನ್ನ ನೋಡ್ಕೋ' ಅಂತ ಬಾಯಿ ಮುಚ್ಚಿಸಿದ್ರು."

ಅಷ್ಟರಲ್ಲಿ ಮೇಷ್ಟ್ರೇ ಬಂದರು. "ನೋಡಿದ್ರಾ ಅತ್ತಿಗೆ? ಇವತ್ತು ಪ್ರದರ್ಶನ. ನಿಮ್ಮ ಕೈ ಸ್ವಲ್ಪ ಒರಟಾಗಿತ್ತು."

"ಮೂಲದಲ್ಲೂ ಒರಟೇ. ನಿಮ್ಮ ಕೈ ಮುಳ್ಳು ಕೀಳ್ತಿಲ್ಲ ಮೇಷ್ಟ್ರೇ, ಹೂ ಕೀಳ್ತಿದೆ."

ನಾದಿನಿ ಕಿಸಕ್ಕನೆ ನಕ್ಕು ನಾಲಿಗೆ ಕಚ್ಚಿಕೊಂಡಳು.

"ಐದು ನಿಮಿಷದ ಕೆಲಸ. ಅದಕ್ಕೆ ಇಷ್ಟು ಸಿಟ್ಟಾ?"

"ನಿಮಗೆ ಐದು ನಿಮಿಷ." ಅತ್ತಿಗೆಯ ದನಿ ಏರಲಿಲ್ಲ. "ತಪ್ಪಿದ್ರೆ ತೋರಿಸಬೇಕಿತ್ತು. ಒಂಬತ್ತನೇ ಸಲಾನೂ ಕೆರೀತಿದ್ದೆ. ನಾನೇ ಕೆರೀತಿದ್ದೆ. ಕಲಿಯೋಕೆ ಬಂದವಳು ನಾನು. ನೀವು ಕಲಿತದ್ದನ್ನ ನನ್ನ ಕ್ಯಾನ್ವಾಸಿನ ಮೇಲೆ ತೋರಿಸ್ಕೊಳ್ಳೋಕಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. ಹೊರಗೆ ಮೆಟ್ಟಿಲ ಮೇಲೆ ಜನರ ಹೆಜ್ಜೆ, ಮಾತು. ಅವರು ದನಿ ತಗ್ಗಿಸಿ ಸಣ್ಣ ಕುಂಚವೊಂದನ್ನು ಅವಳ ಮುಂದೆ ಹಿಡಿದರು.

"ಆಯ್ತು, ತಪ್ಪಾಯ್ತು ಅಂತಲೇ ಇಟ್ಕೊಳ್ಳಿ. ಜನ ಬಂದ್ರು. ಮೂಲೇಲಿ ನಿಮ್ಮ ಹೆಸರು ಬರೆದುಬಿಡಿ ತಾಯಿ, ನನ್ನ ಮರ್ಯಾದೆ ಉಳಿಸಿ."

"ಬರೆಯಲ್ಲ."