ಹಿಂದಿನ ಸೀಟಿನ ವಿಮರ್ಶೆ

ನಮ್ಮಮ್ಮನ ಬಲಗಾಲು ನೆಲದಿಂದ ಇಪ್ಪತ್ತಾರು ಇಂಚಿನವರೆಗೆ ಏಳುತ್ತದೆ, ಅದರ ಮೇಲೆ ಒಂದು ನೂಲಿನಷ್ಟೂ ಹೋಗುವುದಿಲ್ಲ. ಸೊಂಟದ ಕೀಲಿನ ಆಪರೇಷನ್ ಆದಮೇಲೆ ಗೋಡೆಗೆ ಟೇಪು ಹಿಡಿದು ಅವಳೇ ಅಳೆದದ್ದು. ದರ್ಜಿ ಕೆಲಸದವಳು, ಅಳತೆಯಲ್ಲಿ ತಪ್ಪುವುದಿಲ್ಲ. ಅವಳ ಹೊಲಿಗೆ ಅಂಗಡಿ ಪೇಟೆಯ ಆ ತುದಿಯಲ್ಲಿದೆ. ಕಾರು, ಬಸ್ಸು ಹತ್ತಿದರೆ ಹತ್ತು ನಿಮಿಷಕ್ಕೆ ವಾಂತಿ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ನನ್ನ ಬೈಕಿನ ಹಿಂದೆಯೇ ಅವಳ ಓಡಾಟ. ಅವಳು ಹಾಸಿಗೆ ಹಿಡಿದಿದ್ದಾಗಲೇ ಆ ಬೈಕೂ ಕೈಕೊಟ್ಟಿತು. ಹೊಸದು ಬರಬೇಕು, ಅದು ಅವಳು ಹತ್ತುವಂತಿರಬೇಕು. ಇಲ್ಲದಿದ್ದರೆ ಅಂಗಡಿಗೆ ಬೀಗ.

ಇದೇನು ಮಹಾ ಅಂದುಕೊಂಡೆ. ಲಿಫ್ಟ್ ರಿಪೇರಿ ನನ್ನ ಹೊಟ್ಟೆಪಾಡು, ಬೈಕು ನನ್ನ ಹುಚ್ಚು. ಇಪ್ಪತ್ತು ವರ್ಷದ ಬೈಕ್ ಪತ್ರಿಕೆಗಳನ್ನು ತಿಂಗಳ ಕ್ರಮದಲ್ಲಿ ಜೋಡಿಸಿಟ್ಟಿದ್ದೇನೆ. ಅದರ ಮೇಲೆ ಯಾರಾದರೂ ಟೀ ಲೋಟ ಇಟ್ಟರೆ ಮೈ ಉರಿಯುತ್ತದೆ. ಹೊಸ ಸಂಚಿಕೆಗಳನ್ನೆಲ್ಲ ಒಂದು ವಾರ ಕೂತು ಓದಿದೆ. ಹಿಂದಿನ ಸೀಟು ನೆಲದಿಂದ ಎಷ್ಟು ಎತ್ತರ ಎಂದು ಒಬ್ಬ ಪುಣ್ಯಾತ್ಮನೂ ಬರೆದಿರಲಿಲ್ಲ.

ಈ ವಿಮರ್ಶಕರು ಯಾವ ಲೋಕದಲ್ಲಿ ಗಾಡಿ ಓಡಿಸುತ್ತಾರೋ. ಖಾಲಿ ರಸ್ತೆ, ಬೆಟ್ಟದ ತಿರುವು, ಚರ್ಮದ ಜಾಕೆಟ್ಟು, ಬೆನ್ನ ಹಿಂದೆ ಒಂದು ನರಪಿಳ್ಳೆಯೂ ಇಲ್ಲ. ಕೊನೆಗೆ ಶಾಸ್ತ್ರಕ್ಕೊಂದು ಸಾಲು: "ಹಿಂಬದಿ ಸವಾರರಿಗೂ ಆರಾಮದಾಯಕ." ಯಾರನ್ನು ಕೇಳಿ ಬರೆದೆಯಪ್ಪ ಮಹಾರಾಯ? ಆನ್‌ಲೈನ್‌ನವರು ಇನ್ನೂ ಒಂದು ಕೈ ಮೇಲು. "ಕೊಳ್ಳುವ ಮುನ್ನ ತಿಳಿಯಲೇಬೇಕಾದ ಐದು ಸಂಗತಿ" ಎಂಬ ತಲೆಬರಹ. ಐದೂ ಕಂಪನಿಯ ಕರಪತ್ರದಿಂದ ಎತ್ತಿದ್ದು, ನಡುನಡುವೆ ಚಪ್ಪಲಿ ಜಾಹೀರಾತು. ಅಮ್ಮನ ಕಾಲಿನ ಕಥೆ ಹೇಳಿ ಕಾಮೆಂಟಿನಲ್ಲಿ ಸೀಟಿನ ಎತ್ತರ ಕೇಳಿದೆ. ಬರೆದವನು ತುಟಿಪಿಟಕ್ಕೆನ್ನಲಿಲ್ಲ. ಬೇರೆ ಯಾವನೋ "ಅಮ್ಮಂಗೆ ಕಾರ್ ಕೊಡ್ಸು ಗುರು" ಎಂದ. ಅದಕ್ಕೆ ನಲವತ್ತು ಲೈಕು.

ಕೊನೆಗೆ ಅಮ್ಮನನ್ನೇ ಶೋರೂಮಿಗೆ ಕರೆದುಕೊಂಡು ಹೋದೆ. ಎರಡು ಬೀದಿ ಆಚೆಗಷ್ಟೇ, ಊರುಗೋಲು ಹಿಡಿದು, ಕೊರಳಿಗೆ ಟೇಪು ಹಾಕಿಕೊಂಡು ನಡೆದೇ ಬಂದಳು.

"ಸರ್, ಇದಕ್ಕೆ ಎಲ್ಲಾ ಕಡೆ ನಾಲ್ಕೂವರೆ ಸ್ಟಾರ್ ಕೊಟ್ಟಿದ್ದಾರೆ" ಎಂದು ಸೇಲ್ಸ್‌ನವನು ಶುರುಮಾಡಿದ.

"ಸ್ಟಾರ್ ಇರ್ಲಪ್ಪ. ಗಾಡಿನ ಸ್ವಲ್ಪ ನೆಟ್ಟಗೆ ನಿಲ್ಸು" ಎಂದು ಅಮ್ಮ ಟೇಪು ಬಿಟ್ಟಳು.

ಮೂವತ್ತೈದು, ಮೂವತ್ತಾರು, ಮೂವತ್ತೈದು. ಮೂಲೆಯಲ್ಲಿದ್ದ ಎಲ್ಲಕ್ಕಿಂತ ತಗ್ಗಿನ ಬೈಕೂ ಮೂವತ್ತಮೂರು. ಏಳು ಇಂಚು ಹೆಚ್ಚು. ನನಗೆ ರೇಗಿಹೋಯಿತು.

"ನಡಿ ಅಮ್ಮ. ಈ ಗಾಡಿ ಮಾಡೋರಿಗೆ, ಬರೆಯೋರಿಗೆ, ಯಾರಿಗೂ ಅಮ್ಮಂದಿರೇ ಇಲ್ಲ ಅನ್ಸುತ್ತೆ."

"ಇದನ್ನೇ ತಗೋ."

"ಹತ್ತೋದು ಹೇಗೆ?"

"ಅದು ನನ್ನ ತಲೆನೋವು."

ಬೈಕು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಎರಡು ಚೌಕಾಕಾರದ ದಿಮ್ಮಿಗಳು ಕೂತಿದ್ದವು. ದಪ್ಪ ಕ್ಯಾನ್ವಾಸಿನಲ್ಲಿ ಬಿಗಿಯಾಗಿ ಹೊಲಿದು, ಎತ್ತಲು ಹಿಡಿಕೆ ಬೇರೆ.

"ಏನಮ್ಮ ಇದು?"

"ನಿನ್ನ ಪುಸ್ತಕಗಳು. ಮೂರು ವರ್ಷದ್ದು ಸೇರಿಸಿದ್ರೆ ಸರಿಯಾಗಿ ಏಳು ಇಂಚು ಬರುತ್ತೆ. ಒಂದು ಇಲ್ಲಿ ಹತ್ತೋಕೆ, ಇನ್ನೊಂದು ಅಂಗಡಿ ಹತ್ರ ಇಳಿಯೋಕೆ."

"ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೊಡ್ತಿದ್ಯಾ?"

ಕೊಡುತ್ತಿರಲಿಲ್ಲ. ಬೈಕು ಹಿಡಿದು ನಿಂತೆ. ಅವಳು ದಿಮ್ಮಿಯ ಮೇಲೆ ಎಡಗಾಲಿಟ್ಟು, ನನ್ನ ಹೆಗಲು ಹಿಡಿದು, ಬಲಗಾಲನ್ನು ಆಚೆ ಹಾಕಿ ಕೂತೇಬಿಟ್ಟಳು. ಇಷ್ಟು ವರ್ಷ ದುಡ್ಡು ಕೊಟ್ಟು ತಂದ ಪತ್ರಿಕೆಗಳು ಬೈಕಿನ ವಿಷಯದಲ್ಲಿ ಪ್ರಯೋಜನಕ್ಕೆ ಬಂದದ್ದು ಅದೇ ಮೊದಲು. ಆನ್‌ಲೈನ್‌ನವರಿಂದ ಅಷ್ಟೂ ಆಗುವುದಿಲ್ಲ.

ಇನ್ನೊಂದು ದಿಮ್ಮಿಯನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಓಡಿಸಿದೆ. ಅಂಗಡಿಯ ಮುಂದೆ ಅವಳು ಅದರ ಮೇಲೆ ಕಾಲಿಟ್ಟು ಇಳಿದಳು. ಬೀಗದ ಕೈಗಾಗಿ ಚೀಲ ತಡಕುತ್ತಿದ್ದಾಗ ಕೇಳಿದೆ:

"ಹಿಂದಿನ ಸೀಟು ಹೇಗಿದೆ ಅಮ್ಮ?"

ಅವಳು ತಡಕುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ಗುಂಡಿಲಿ ಎತ್ತಾಕುತ್ತೆ. ಬೆನ್ನು ನೋಯುತ್ತೆ. ಹಳೇದರಲ್ಲೂ ನೋಯ್ತಿತ್ತು."

"ಹತ್ತೊಂಬತ್ತು ವರ್ಷ ಹೇಳ್ಲೇ ಇಲ್ವಲ್ಲ."

"ನೀನು ಕೇಳಿದ್ದು ಇವತ್ತೇ ಅಲ್ವಾ" ಎಂದು ಚೀಲದಿಂದ ಬೀಗದ ಕೈ ತೆಗೆದು, ಬಾಗಿಲು ತೆರೆಯಲು ನನ್ನ ಕೈಗಿಟ್ಟಳು.