ನಾಲ್ಕನೇ ಜ್ವರ

ಹಳೇ ಪಂಚೆಯ ತುಂಡಿನಲ್ಲಿ ಸುಣ್ಣದ ಪುಡಿ ಗಂಟು ಕಟ್ಟಿ ನಾನು ತಟ್ಟೆಗಳ ಮೇಲೆ ಮೆಲ್ಲಗೆ ತಟ್ಟುತ್ತಿದ್ದೆ. ಪುಡಿ ಮಂಜಿನಂತೆ ಇಳಿದು ರೇಷ್ಮೆಹುಳುಗಳ ಮೇಲೆ ಕೂರುತ್ತಿತ್ತು. ಆಚೆ ಸಾಲಿನಲ್ಲಿ ನಮ್ಮತ್ತೆ ವೆಂಕಟರತ್ನಮ್ಮ. ನಡುವೆ ನನ್ನ ನಾಲ್ಕು ವರ್ಷದ ಮಗಳು ಹರಿತಾ ಸುಣ್ಣದ ಬಟ್ಟಲು ಹಿಡಿದು ನಿಂತಿದ್ದಳು. ಯಾರೂ ಮಾತಾಡಲಿಲ್ಲ.

ಪೊರೆ ಬಿಡುವ ಮೊದಲು ಹುಳು ಮೇವು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತದೆ. ಶಿಡ್ಲಘಟ್ಟದ ಕಡೆ ಅದನ್ನು ಜ್ವರ ಅನ್ನುತ್ತೇವೆ. ಒಂದು ಬೆಳೆಗೆ ನಾಲ್ಕು ಜ್ವರ. ಇದು ನಾಲ್ಕನೆಯದು. ಆಗ ಮಾತು ಬಿದ್ದರೆ ಹುಳು ಬೆದರುತ್ತದೆ ಎಂದು ನಮ್ಮತ್ತೆಯ ನಂಬಿಕೆ. ಹುಳು ಎದ್ದು ಸೊಪ್ಪು ಹುಡುಕುವುದನ್ನು ಕಂಡ ಮೇಲೆ ಅವರೇ ಗಟ್ಟಿಯಾಗಿ "ಎದ್ವು!" ಅನ್ನಬೇಕು. ಅಲ್ಲಿಯವರೆಗೆ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಕೈಸನ್ನೆಯೇ ಮಾತು. ಸೊಪ್ಪನ್ನೂ ಕೊಂಡು ತಂದು ಸಾಕುವವರು ನಾವು. ಹುಳು ಕೆಟ್ಟರೆ ಒಲೆ ಹೊತ್ತುವುದಿಲ್ಲ. ಅದಕ್ಕೇ ಯಾರೂ ಎದುರಾಡುವುದಿಲ್ಲ.

ಹತ್ತು ಗಂಟೆಗೆ ಮಗಳನ್ನು ಕರೆದುಕೊಂಡು ಅಂಗನವಾಡಿಗೆ ಹೊರಟೆ. ಶುಕ್ರವಾರ ತಾಯಂದಿರೂ ಒಂದು ಗಂಟೆ ಮಕ್ಕಳ ಜೊತೆ ಕೂತು ಆಡಬೇಕು. ಮನೆಗೆಲಸವನ್ನೇ ಆಟ ಮಾಡಿ ತೋರಿಸಬೇಕು. ನಾನು ಇದುವರೆಗೆ ಗೋಡೆಗೊರಗಿ ನೋಡಿದ್ದಷ್ಟೇ. ಹರಿತಾ ಸೇರಿ ಎರಡು ತಿಂಗಳಾಗಿತ್ತು, ಅಲ್ಲಿ ಒಂದು ಮಾತೂ ಆಡಿರಲಿಲ್ಲ.

ಹೋದ ವಾರ ಶೋಭಾರಾಣಿ ಟೀಚರ್ ನನ್ನನ್ನು ಕರೆದು, "ಹರಿತಾ ಅಮ್ಮ, ಮಗೂಗೆ ಕಿವಿ ಕೇಳ್ಸುತ್ತೇನಮ್ಮ? ಮುಂದಿನ ಶುಕ್ರವಾರದೊಳಗೆ ಮಾತಾಡ್ಲಿಲ್ಲ ಅಂದ್ರೆ ಚೀಟಿ ಬರ್ಕೊಡ್ತೀನಿ, ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೇಲಿ ತೋರ್ಸಿ," ಅಂದಿದ್ದರು.

ಅಡುಗೆ ಮಾಡುವ ಅಕ್ಕಯ್ಯಮ್ಮ ಪಾತ್ರೆ ತಿಕ್ಕುತ್ತಲೇ ನಕ್ಕಿದ್ದಳು. "ಆಸ್ಪತ್ರೆ ಯಾಕ್ ಟೀಚರ್? ಅಮ್ಮನ ಬಾಯಿಗೇ ಬೀಗ ಹಾಕೈತೆ, ಮಗಳ್ದು ಯಾವ ಡಾಕ್ಟ್ರು ತೆಗೀತಾರೆ?"

ಜ್ವರವಿಲ್ಲದ ದಿನ ಇವಳು ನನ್ನ ಕಿವಿಯ ಹತ್ತಿರ ಎಷ್ಟು ಮಾತಾಡುತ್ತಾಳೆಂದು ಹೇಳಬೇಕಿತ್ತು. ಮಗಳ ಕೈ ಹಿಡಿದು ಹೊರಗೆ ಬಂದುಬಿಟ್ಟಿದ್ದೆ.

ದಾರಿಯಲ್ಲಿ ಹಿಪ್ಪುನೇರಳೆ ತೋಟದ ಮೇಲೆ ಬಿಸಿಲು ಹಾಲು ಬೆರೆಸಿದಂತೆ ಮಸುಕಾಗಿತ್ತು. ನಂದಿ ಕಡೆಯ ಬೆಟ್ಟಗಳು ನೆಲ ಬಿಟ್ಟು ತೇಲುತ್ತಿದ್ದವು. ನಾನು ಬಗ್ಗಿ ಕೇಳಿದೆ, "ಅಲ್ಲಿ ಯಾಕಮ್ಮ ಮಾತಾಡಲ್ಲ ನೀನು?"

"ಅಲ್ಲಿ ಇನ್ನೂ ಯಾರೂ 'ಎದ್ವು' ಅಂದಿಲ್ವಲ್ಲಮ್ಮ," ಎಂದು ಪಿಸುಗುಟ್ಟಿದಳು.

"ಬೇರೆ ಮಕ್ಕಳು ಮಾತಾಡ್ತಾವಲ್ಲೇ?"

"ಅವ್ರಿಗೆ ಗೊತ್ತಾಗಲ್ಲ, ಪಾಪ."

ನಾನು ನಿಂತುಬಿಟ್ಟೆ. ಅವಳನ್ನು ಅಂಗನವಾಡಿಗೆ ಮೊದಲ ಸಲ ಬಿಟ್ಟದ್ದು ಮಧ್ಯಾಹ್ನ. ಊಟ ಮುಗಿಸಿ ಮಕ್ಕಳೆಲ್ಲ ಚಾಪೆಯ ಮೇಲೆ ತಟ್ಟೆಯ ಹುಳುಗಳಂತೆ ಸಾಲಾಗಿ ಮಲಗಿದ್ದವು. ನಾನೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿ, ಅವಳನ್ನೂ ಮಲಗಿಸಿ ಬಂದಿದ್ದೆ. ಎರಡು ತಿಂಗಳಿಂದ ನನ್ನ ಮಗಳು ಕಾಯುತ್ತಿದ್ದಳು.

ಅಂಗನವಾಡಿಯಲ್ಲಿ ಟೀಚರ್ ಮುಂದೆ ಚೀಟಿಯೂ ಪೆನ್ನೂ ಇದ್ದವು. "ಇವತ್ತು ಯಾರ ಆಟ?" ಎಂದರು. ನನ್ನ ಕಾಲುಗಳು ತಾವಾಗಿ ಎದ್ದವು. ಚಾಪೆ ಹಾಸಿ ಹರಿತಾಳನ್ನು ಬೋರಲು ಮಲಗಿಸಿದೆ. ಅವಳು ಹುಳುವಿನಂತೆ ತಲೆಯೆತ್ತಿ ಅಲ್ಲಾಡದೆ ಉಳಿದಳು. ಅವಳನ್ನು ನೋಡಿ ಒಂದೊಂದೇ ಮಗು ಪಕ್ಕಕ್ಕೆ ಬಂದು ತಲೆಯೆತ್ತಿತು. ಖಾಲಿ ಮುಷ್ಟಿಯಿಂದ ಎಲ್ಲರ ಮೇಲೂ ಸುಣ್ಣ ಉದುರಿಸಿದೆ. ಫ್ಯಾನಿನ ಸದ್ದೊಂದೇ ಉಳಿಯಿತು. ಇಲ್ಲದ ಪುಡಿ ಅವರ ಕೂದಲ ಮೇಲೆ ಬೆಳ್ಳಗೆ ಇಳಿಯುವುದು ನನಗೆ ಕಾಣುತ್ತಿತ್ತು.

ಹರಿತಾ ಕಣ್ಣು ಮಿಟುಕಿಸದೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ತುಟಿ ಆಡಿತು, ದನಿ ಬರಲಿಲ್ಲ. ಯಾರೋ ಕಿಸಕ್ಕೆಂದರು. ಮತ್ತೆ ಉಸಿರೆಳೆದೆ.

"ಎದ್ವು!"

ಅಷ್ಟು ಗಟ್ಟಿ ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ. ಹರಿತಾ ಚಂಗನೆ ಎದ್ದಳು. "ಅಮ್ಮಾ, ಸೊಪ್ಪು! ಎಲ್ರಿಗೂ ಸೊಪ್ಪು ಹಾಕು! ಟೀಚರ್‌ಗೂ ಹಾಕು!"

ಅಕ್ಕಯ್ಯಮ್ಮ ಸೋಸುತ್ತಿದ್ದ ದಂಟಿನ ಸೊಪ್ಪನ್ನೇ ಹಿಡಿದು ಓಡಿ ಬಂದಳು. "ತಗೋಳ್ರಪ್ಪ, ಸಾರಿಗಿಷ್ಟು ಉಳ್ಸಿ ಮತ್ತೆ!"

ಟೀಚರ್ ಕಿವಿಗೆ ಒಂದು ಎಲೆ ಸಿಕ್ಕಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಹೊರಡುವಾಗ ನನ್ನ ಕೈ ಹಿಡಿದು, "ಮನೇಲೂ ಹಿಂಗೇ ಮಾತಾಡಿಸ್ಬೇಕಮ್ಮ. ಇಲ್ಲಿ ಬಿಟ್ಟ ಬಾಯಿ ಅಲ್ಲಿ ಮುಚ್ಕೊಂಡ್ರೆ ಮತ್ತೆ ಬಿಡೋದು ಕಷ್ಟ," ಅಂದರು.

ದಾರಿಯುದ್ದಕ್ಕೂ ಹರಿತಾ ಕಂಡದ್ದನ್ನೆಲ್ಲ ಕೂಗಿ ಕರೆದಳು, ಕಾಗೆ, ಟ್ರ್ಯಾಕ್ಟರ್, ಬೆಟ್ಟ. ಮನೆಯಲ್ಲಿ ಅತ್ತೆ ಒದ್ದೆ ಗೋಣಿಯಡಿ ಸೊಪ್ಪು ಮುಚ್ಚಿಡುತ್ತಿದ್ದರು. ಹುಳು ಇನ್ನೂ ಎದ್ದಿರಲಿಲ್ಲ.

"ಅಜ್ಜೀ, ಟೀಚರ್‌ಗೂ ಸೊಪ್ಪು ಹಾಕಿದ್ವಿ!"

"ಊರ್ಕೋವೇ!" ಅತ್ತೆ ತಮ್ಮ ತೆಲುಗಿನಲ್ಲಿ ಉಸಿರಲ್ಲೇ ಗದರಿ, ಸುಮ್ಮನಿರೆಂದು ತುಟಿಗೆ ಬೆರಳಿಟ್ಟರು.

ಹರಿತಾಳ ಬಾಯಿ ಮುಚ್ಚಿತು. ಸನ್ನೆ ಮಾಡಲು ಕೈ ಮೇಲೇರಿತು. ನಾನು ಆ ಪುಟ್ಟ ಕೈಯನ್ನು ಹಿಡಿದುಕೊಂಡೆ. ಒಂದೊಂದೇ ತಟ್ಟೆ ನೋಡುತ್ತ ಬಂದೆ. ಸಾವಿರಾರು ತಲೆಗಳು ಎತ್ತಿದಂತೆಯೇ ಇದ್ದವು. ಅವಳ ಕೂಗಿಗೆ ಒಂದೂ ಅಲುಗಿರಲಿಲ್ಲ.

"ಅತ್ತೆ, ಇವ್ಳು ಮಾತಾಡ್ಲಿ ಬಿಡಿ," ಅಂದೆ.

ಅತ್ತೆಯ ಕೈ ಗೋಣಿಯ ಮೇಲೆ ನಿಂತಿತು. ಅವರು ತಲೆಯೆತ್ತಲಿಲ್ಲ. ಈ ಸಲ ಗಟ್ಟಿಯಾಗಿಯೇ ಹೇಳಿದೆ.

"ಮಾತಾಡ್ಲಿ ಬಿಡಿ, ಅತ್ತೆ."